ದುಡ್ಡು ನಿಮ್ಮದು, ಬೆನ್ನು ಅಮ್ಮನದು

ಮಡಿಕೇರಿಯಿಂದ ಘಾಟಿ ಇಳಿದು ಸಂಪಾಜೆ ಹತ್ತಿರವಾಗುತ್ತಿದ್ದಂತೆ ತಿರುವುಗಳು ಕಡಿಮೆಯಾಗುತ್ತವೆ. ಅಲ್ಲಿಯವರೆಗೆ ಬ್ರೇಕ್ ಮೇಲೆ ಕಾಲಿಟ್ಟುಕೊಂಡು ಬಂದ ಡ್ರೈವರ್‌ಗಳು ನೇರ ರಸ್ತೆ ಕಂಡ ಕೂಡಲೇ ಸ್ಪೀಡ್ ಏರಿಸ್ತಾರೆ. ನಮ್ಮ ಕಡೆಯ ಎಷ್ಟೋ ಮನೆಗಳು ಹೆದ್ದಾರಿಗೆ ತಾಗಿಕೊಂಡೇ ಇವೆ. ಮನೆ ಈ ಬದಿ, ಅಡಿಕೆ ತೋಟ ಆ ಬದಿ. ಅಪ್ಪ ರಸ್ತೆ ದಾಟಿದರೆ ಹಿಂದೆಯೇ ನಾಯಿಯೂ ದಾಟುತ್ತದೆ. ಹಾಗಾಗಿ ಬೆಂಗಳೂರಿನ ಆಫೀಸಿನಲ್ಲಿ ಕೂತ ಮಕ್ಕಳಿಗೆ ಊರಿನಿಂದ ಬರುವ ಫೋನ್‌ಗಳಲ್ಲಿ ಇದೂ ಒಂದು: "ನಾಯಿಗೆ ಪಿಕಪ್ ಬಡಿದಿದೆ. ಜೀವ ಉಂಟು, ಆದ್ರೆ ಹಿಂದಿನ ಕಾಲು ಎರಡೂ ಎಳೀತದೆ. ಎಂತ ಮಾಡುದು ಮಗಾ?"

ಮಗ ಅಥವಾ ಮಗಳು ಮೊದಲು ಮಾಡುವುದು ಗೂಗಲ್ ಸರ್ಚ್. ನಾಯಿಗಳಿಗೂ ಫಿಸಿಯೋಥೆರಪಿ ಇದೆ ಅಂತ ಆಗ ಗೊತ್ತಾಗುತ್ತದೆ. ನೀರೊಳಗಿನ ಟ್ರೆಡ್‌ಮಿಲ್, ಲೇಸರ್, ಅಕ್ಯುಪಂಕ್ಚರ್, ಚಕ್ರದ ಗಾಡಿ ಎಲ್ಲದರ ವಿಡಿಯೋಗಳು ಸಿಗುತ್ತವೆ. ಆಮೇಲೆ ಫೋನ್‌ಪೇ ತೆರೆದು ಅಮ್ಮನಿಗೆ ಹೇಳೋದು: "ದುಡ್ಡು ಎಷ್ಟಾದ್ರೂ ಪರವಾಗಿಲ್ಲ, ಒಳ್ಳೆ ಟ್ರೀಟ್‌ಮೆಂಟ್ ಕೊಡ್ಸು."

ಈ ಮಾತಿನ ಪ್ರೀತಿಯ ಬಗ್ಗೆ ಅನುಮಾನ ಇಲ್ಲ. ಆದರೆ ಸಾಕುಪ್ರಾಣಿಗಳ ಪುನಶ್ಚೇತನ ಚಿಕಿತ್ಸೆಯಲ್ಲಿ ದುಡ್ಡು ಕೊಟ್ಟು ಪಡೆಯುವ ಭಾಗ ಚಿಕ್ಕದು. ದೊಡ್ಡ ಭಾಗ ನಡೆಯುವುದು ಮನೆಯಲ್ಲಿ, ನೆಲದ ಮೇಲೆ ಕೂತು, ಎರಡು ಕೈಗಳಿಂದ, ದಿನಕ್ಕೆ ಮೂರು ನಾಲ್ಕು ಸಲ, ವಾರಗಟ್ಟಲೆ. ಆದ್ದರಿಂದ ಅದರ ಮೊದಲ ಪ್ರಶ್ನೆ "ಎಷ್ಟು ಖರ್ಚಾಗುತ್ತೆ?" ಅಲ್ಲ, "ಯಾರು ಮಾಡ್ತಾರೆ?" ಅನ್ನೋದು. ಇವತ್ತಿನ ಅಂಕಣ ಇದರ ಬಗ್ಗೆ.

ಹೊಸ ಹೆಸರು, ಹಳೆಯ ಕೆಲಸ

ನಾಯಿಗಳ ಫಿಸಿಯೋಥೆರಪಿ ಒಂದು ಶಾಸ್ತ್ರವಾಗಿ ರೂಪುಗೊಂಡಿದ್ದು ಇತ್ತೀಚೆಗೆ. ಅಮೆರಿಕದ ಟೆನೆಸ್ಸಿ ವಿಶ್ವವಿದ್ಯಾಲಯ 1990ರ ದಶಕದ ಕೊನೆಯಲ್ಲಿ ಇದಕ್ಕಾಗಿ ಕೋರ್ಸ್ ಶುರು ಮಾಡಿತು. 2010ರಲ್ಲಿ ಅಲ್ಲಿನ ಪಶುವೈದ್ಯ ಸಂಘ ಇದನ್ನು ಪ್ರತ್ಯೇಕ ತಜ್ಞ ವಿಭಾಗ ಅಂತ ಮಾನ್ಯ ಮಾಡಿತು. ಈಗ ಬೆಂಗಳೂರಿನ ಕೆಲವು ಖಾಸಗಿ ಪೆಟ್ ಆಸ್ಪತ್ರೆಗಳಲ್ಲೂ ಇದರ ಯಂತ್ರಗಳು ಬಂದಿವೆ.

ಆದರೆ ಇದರ ತಿರುಳು ನಮ್ಮ ಹಟ್ಟಿಗೆ ಹೊಸದೇನಲ್ಲ. ಕರು ಹಾಕಿದ ಮೇಲೆ ಹಾಲುಜ್ವರ ಬಂದು ದನ ಮಲಗಿಬಿಟ್ಟರೆ ನಮ್ಮ ಅಜ್ಜಂದಿರು ಏನು ಮಾಡ್ತಿದ್ದರು ನೆನಪಿಸಿಕೊಳ್ಳಿ. ಅಡಿಗೆ ದಪ್ಪಗೆ ಸೊಪ್ಪು, ಬೈಹುಲ್ಲು ಹಾಸಿ, ಒಂದೇ ಮಗ್ಗುಲಲ್ಲಿ ಮಲಗದಂತೆ ಆಗಾಗ ಮಗುಚಿ, ಹೊಟ್ಟೆಯ ಕೆಳಗೆ ಗೋಣಿ ತೂರಿಸಿ ನಾಲ್ಕು ಜನ ಸೇರಿ ಎತ್ತಿ ನಿಲ್ಲಿಸಲು ನೋಡ್ತಿದ್ದರು. ಮೈಭಾರ ಒಂದೇ ಕಡೆ ಬಿದ್ದರೆ ಅಡಿಯ ಮಾಂಸಖಂಡಕ್ಕೆ ರಕ್ತ ಹೋಗೋದಿಲ್ಲ, ಮೊದಲ ಕಾಯಿಲೆ ವಾಸಿಯಾದರೂ ದನ ಏಳೋದಿಲ್ಲ ಅನ್ನುವುದು ಅವರಿಗೆ ಅನುಭವದಿಂದ ಗೊತ್ತಿತ್ತು. ಇವತ್ತಿನ ರಿಹ್ಯಾಬ್ ತಜ್ಞರು ನಾಯಿಗೂ ಅದನ್ನೇ ಹೇಳ್ತಾರೆ: ಮಗುಚಿ, ಎತ್ತಿ, ಕೀಲು ಬಿಗಿಯಲು ಬಿಡಬೇಡಿ.

ಮೊದಲು ಡಾಕ್ಟರು, ಆಮೇಲೆ ವ್ಯಾಯಾಮ

ಕಾಲು ಎಳೆಯಲು ಕಾರಣ ಒಂದಲ್ಲ. ಸೊಂಟದ ಮೂಳೆ ಮುರಿದಿರಬಹುದು, ಬೆನ್ನುಹುರಿಗೆ ಪೆಟ್ಟಾಗಿರಬಹುದು. ಡ್ಯಾಶ್‌ಹಂಡ್‌ನಂಥ ಉದ್ದ ಬೆನ್ನಿನ ನಾಯಿಯಾದರೆ ಡಿಸ್ಕ್ ಜಾರಿರಬಹುದು. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ಗಳಲ್ಲಿ ಸೊಂಟದ ಕೀಲಿನ ದೋಷ ವಂಶಪಾರಂಪರ್ಯವಾಗಿ ಬರುವುದು ಹೆಚ್ಚು. ವಯಸ್ಸಾದ ನಾಯಿಗೆ ಸಂಧಿವಾತ ಇರಬಹುದು. ಡಿಸ್ಟೆಂಪರ್, ಹಾವು ಕಡಿತ, ಕೊನೆಗೆ ರೇಬೀಸ್ ಕೂಡ ಹಿಂಗಾಲಿನ ಶಕ್ತಿ ತೆಗೆಯಬಹುದು. ಅಪಘಾತವೇ ಆಗದೆ, ಲಸಿಕೆ ಹಾಕಿಸದ ನಾಯಿಯ ಕಾಲು ಇದ್ದಕ್ಕಿದ್ದಂತೆ ಬಿದ್ದುಹೋದರೆ ಬಾಯಿಗೆ ಕೈ ಹಾಕೋದು, ಜೊಲ್ಲು ಒರೆಸೋದು ಬೇಡ. ಡಾಕ್ಟರಿಗೆ ಫೋನ್ ಮಾಡಿ.

ಅಪಘಾತವಾಗಿದ್ದರೆ ನಾಯಿಯನ್ನು ಕಂಕುಳಲ್ಲಿ ಎತ್ತಬೇಡಿ. ಹಲಗೆಯ ಮೇಲೋ, ಇಬ್ಬರು ಬಿಗಿಯಾಗಿ ಹಿಡಿದ ಗೋಣಿಚೀಲದ ಮೇಲೋ ನಿಧಾನಕ್ಕೆ ಸರಿಸಿ. ಬೆನ್ನು ಬಾಗಬಾರದು. ಎಷ್ಟು ಸಾಧು ನಾಯಿಯಾದರೂ ನೋವಿನಲ್ಲಿ ಕಚ್ಚುತ್ತದೆ. ಉಸಿರಾಟಕ್ಕೆ ತೊಂದರೆ ಇಲ್ಲದಿದ್ದರೆ, ವಾಂತಿ ಇಲ್ಲದಿದ್ದರೆ ಮೂತಿಗೆ ಬಟ್ಟೆ ಕಟ್ಟಿಕೊಳ್ಳಿ. ಸಂಪಾಜೆಯವರಿಗೆ ಮೇಲೆ ಮಡಿಕೇರಿ, ಕೆಳಗೆ ಸುಳ್ಯ ಎರಡೂ ಕಡೆ ಸರಕಾರಿ ಪಶು ಆಸ್ಪತ್ರೆ ಇದೆ. ಪಶುಪಾಲನಾ ಇಲಾಖೆಯ ಸಂಚಾರಿ ಚಿಕಿತ್ಸಾ ವಾಹನದ ಸಹಾಯವಾಣಿ 1962.

ಡಾಕ್ಟರು ಮಾಡುವ ಪರೀಕ್ಷೆಗಳಲ್ಲಿ ಒಂದನ್ನು ನೀವು ತಿಳಿದಿರಬೇಕು. ಅವರು ಹಿಂಗಾಲಿನ ಬೆರಳನ್ನು ಇಕ್ಕಳದಿಂದ ಗಟ್ಟಿಯಾಗಿ ಒತ್ತಿ ನಾಯಿಯ ಮುಖ ನೋಡ್ತಾರೆ. ಕಾಲು ಹಿಂದಕ್ಕೆಳೆದುಕೊಂಡರೆ ಸಾಲದು, ಅದು ಬರೀ ಪ್ರತಿವರ್ತನೆ ಇರಬಹುದು. ನಾಯಿ ತಿರುಗಿ ನೋಡಬೇಕು, ಕೂಗಬೇಕು ಅಥವಾ ಕಚ್ಚಲು ಬರಬೇಕು. ಆ ನೋವು ಮೆದುಳಿಗೆ ತಲುಪುತ್ತಿದೆ ಅಂದರೆ ಮತ್ತೆ ನಡೆಯುವ ಆಸೆ ಚೆನ್ನಾಗಿಯೇ ಇದೆ. ವಾಹನ ಬಡಿದು ಬೆನ್ನುಮೂಳೆ ಮುರಿದು, ಈ ಸಂವೇದನೆಯೂ ಹೋಗಿದ್ದರೆ ಆಸೆ ತುಂಬಾ ಕಡಿಮೆ. ಇದರ ಫಲಿತಾಂಶ ಕೇಳಿಕೊಳ್ಳದೆ ಬೆಂಗಳೂರಿಗೆ ಗಾಡಿ ಬುಕ್ ಮಾಡಬೇಡಿ.

ಇನ್ನೆರಡು ಎಚ್ಚರಿಕೆ. ಮನೆಯಲ್ಲಿರುವ ನೋವಿನ ಮಾತ್ರೆ ಕೊಡಲೇಬೇಡಿ. ಐಬುಪ್ರೊಫೆನ್, ಡೈಕ್ಲೋಫೆನಾಕ್ ನಾಯಿಯ ಹೊಟ್ಟೆ, ಕಿಡ್ನಿ ಹಾಳುಮಾಡುತ್ತವೆ. ಬೆಕ್ಕಿಗೆ ಒಂದೇ ಒಂದು ಪ್ಯಾರಾಸಿಟಮಾಲ್ ಸಾಕು, ಪ್ರಾಣ ಹೋಗಬಹುದು. ಹಾಗೆಯೇ ಹೊಸ ಪೆಟ್ಟಿನ ಮೇಲೆ ಎಣ್ಣೆ ಹಚ್ಚಿ ಉಜ್ಜುವುದೂ ಬೇಡ. ಮುರಿದ ಮೂಳೆಯ ತುದಿ ಒಳಗೆ ಏನನ್ನು ಕೊಯ್ಯುತ್ತದೋ ಹೊರಗಿನಿಂದ ಕಾಣೋದಿಲ್ಲ.

ಕೈಗಳು ಮಾಡುವ ಕೆಲಸ

ಎಕ್ಸ್‌-ರೇ ಆಗಿ, ಬೇಕಿದ್ದರೆ ಆಪರೇಷನ್ ಆಗಿ, "ಮನೆಗೆ ಕರ್ಕೊಂಡು ಹೋಗಿ, ಎಕ್ಸರ್ಸೈಸ್ ಮಾಡ್ಸಿ" ಅಂತ ಡಾಕ್ಟರು ಹೇಳಿದ ಮೇಲೆ ನಿಜವಾದ ಕೆಲಸ ಶುರು. ಯಾವ ವ್ಯಾಯಾಮ, ಯಾವತ್ತಿನಿಂದ ಅನ್ನೋದನ್ನು ಅವರಿಂದಲೇ ಕೇಳಿ ಬರೆದುಕೊಳ್ಳಿ. ಸಾಮಾನ್ಯವಾಗಿ ಇರುವುದು ಇಷ್ಟು:

*ತಣ್ಣನೆ, ಬಿಸಿ:* ಪೆಟ್ಟಾದ ಮೊದಲ ಮೂರು ದಿನ ಬಟ್ಟೆಯಲ್ಲಿ ಸುತ್ತಿದ ಐಸ್, ಒಂದು ಸಲಕ್ಕೆ 10ರಿಂದ 15 ನಿಮಿಷ. ಊತ ಇಳಿದ ಮೇಲೆ ಶಾಖ. ಬಿಸಿ ಎಷ್ಟಿರಬೇಕು ಅಂತ ನಿಮ್ಮ ಮಣಿಕಟ್ಟಿನ ಮೇಲೆ ಇಟ್ಟು ನೋಡಿ. ಸ್ಪರ್ಶ ಇಲ್ಲದ ಕಾಲು ಸುಟ್ಟರೂ ನಾಯಿ ಕೂಗೋದಿಲ್ಲ, ನೆನಪಿರಲಿ.

*ಕೀಲು ಆಡಿಸುವುದು:* ನಾಯಿಯನ್ನು ಮಗ್ಗುಲಾಗಿ ಮಲಗಿಸಿ, ಬೆರಳಿನಿಂದ ಶುರುಮಾಡಿ ಪಾದ, ಮೊಣಕಾಲು, ಸೊಂಟ ಹೀಗೆ ಒಂದೊಂದೇ ಕೀಲನ್ನು ಮೆತ್ತಗೆ ಮಡಚಿ ಬಿಡಿಸಬೇಕು. ಒಂದೊಂದಕ್ಕೆ 10ರಿಂದ 15 ಸಲ, ದಿನಕ್ಕೆ ಮೂರು ಬಾರಿ. ನಾಯಿ ಮೈ ಬಿಗಿ ಮಾಡಿದರೆ ಅಲ್ಲಿಗೇ ನಿಲ್ಲಿಸಿ. ಇದರಿಂದ ಸ್ನಾಯು ಬೆಳೆಯೋದಿಲ್ಲ. ಆದರೆ ನರ ಚೇತರಿಸಿಕೊಳ್ಳುವ ಹೊತ್ತಿಗೆ ಕೀಲು ಕಟ್ಟಿಗೆಯಂತೆ ಬಿಗಿದುಹೋಗಿರಬಾರದಲ್ಲ, ಅದಕ್ಕಾಗಿ ಇದು.

*ಬೈರಾಸಿನ ನಡಿಗೆ:* ಹೊಟ್ಟೆಯ ಕೆಳಗೆ, ಹಿಂಗಾಲಿನ ಮುಂದೆ ಒಂದು ಬೈರಾಸು ತೂರಿಸಿ ಎರಡೂ ತುದಿ ಮೇಲೆ ಹಿಡಿದು ನಡೆಸುವುದು. ಪೂರ್ತಿ ಎತ್ತಬಾರದು. ಪಾದ ನೆಲ ಮುಟ್ಟಬೇಕು, ಸ್ವಲ್ಪ ಭಾರ ಬೀಳಬೇಕು. ಮೊದಲು ಎರಡು ಮೂರು ನಿಮಿಷ ಸಾಕು.

*ನಿಂತು ಕೂರುವುದು:* ಸ್ವಲ್ಪ ಶಕ್ತಿ ಬಂದ ಮೇಲೆ ತಿಂಡಿ ತೋರಿಸಿ ಕೂರಿಸಿ, ನಿಲ್ಲಿಸಿ. ನಾವು ಜಿಮ್‌ನಲ್ಲಿ ಸ್ಕ್ವಾಟ್ ಮಾಡುವ ಹಾಗೆಯೇ. ಆಮೇಲೆ ತೋಟದ ನಾಲ್ಕು ಪಿವಿಸಿ ಪೈಪ್‌ಗಳನ್ನು ಅಂಗಳದಲ್ಲಿ ಅಂತರ ಬಿಟ್ಟು ಇಟ್ಟು ದಾಟಿಸಿದರೆ, ಕಾಲು ಎಲ್ಲಿಡಬೇಕು ಅಂತ ಮೆದುಳು ಮತ್ತೆ ಕಲಿಯುತ್ತದೆ.

*ಮೂತ್ರ:* ಬೆನ್ನುಹುರಿಗೆ ಪೆಟ್ಟಾದ ನಾಯಿಗೆ ತಾನಾಗಿ ಮೂತ್ರ ಮಾಡಲು ಆಗದಿರಬಹುದು. ಹೊಟ್ಟೆಯ ಹಿಂಭಾಗವನ್ನು ಒತ್ತಿ ಖಾಲಿ ಮಾಡಿಸಬೇಕು, ದಿನಕ್ಕೆ ಮೂರು ನಾಲ್ಕು ಸಲ. ಇದನ್ನು ವಿಡಿಯೋ ನೋಡಿ ಕಲಿಯಬೇಡಿ. ಡಾಕ್ಟರ ಎದುರಿಗೆ ನಿಮ್ಮ ಕೈಯಿಂದಲೇ ಮಾಡಿ ತೋರಿಸಿ ಬನ್ನಿ. ಬೆನ್ನುಹುರಿಯ ಪೆಟ್ಟಿನ ನಾಯಿಗಳಿಗೆ ಆಮೇಲೆ ದೊಡ್ಡ ಕಾಟ ಕೊಡುವುದು ಈ ಮೂತ್ರದ ಸೋಂಕು.

*ಹಾಸಿಗೆ:* ದಪ್ಪ ಹಾಸಿಗೆ, ನಾಲ್ಕು ಗಂಟೆಗೊಮ್ಮೆ ಮಗ್ಗುಲು ಬದಲು, ಒದ್ದೆಯಾದ ಬಟ್ಟೆ ಕೂಡಲೇ ಬದಲು. ನಮ್ಮ ಮಳೆಗಾಲದಲ್ಲಿ ಬಟ್ಟೆ ಒಣಗೋದಿಲ್ಲ, ಹುಣ್ಣಾದರೆ ನೊಣ ಕೂತು ಹುಳ ಬೀಳಲು ಒಂದೆರಡು ದಿನ ಸಾಕು. ಹಳೆಯ ಮನೆಗಳ ನುಣ್ಣನೆಯ ರೆಡ್ ಆಕ್ಸೈಡ್ ನೆಲವೂ ಶತ್ರುವೇ. ನಾಯಿ ಓಡಾಡುವ ದಾರಿಗೆ ಗೋಣಿಯೋ ರಬ್ಬರ್ ಮ್ಯಾಟೋ ಹಾಸಿ.

ಬೆಕ್ಕಿಗೂ ಇದೇ ತತ್ವ, ಆದರೆ ಹೊತ್ತು ಅದರದ್ದು. ಎರಡು ನಿಮಿಷಕ್ಕಿಂತ ಹೆಚ್ಚು ಹಿಡಿದಿಡಲು ಹೋಗಬೇಡಿ. ಮೀನಿನ ತುಂಡನ್ನು ಮೆಟ್ಟಿಲ ಮೇಲೆ ಇಟ್ಟರೆ ಅದೇ ವ್ಯಾಯಾಮ.

ನೀರು ಯಾಕೆ ಕೆಲಸ ಮಾಡುತ್ತೆ?

ನೀರೊಳಗಿನ ಟ್ರೆಡ್‌ಮಿಲ್ ಅಂದರೆ ಗಾಜಿನ ಪೆಟ್ಟಿಗೆ. ಒಳಗೆ ನಾಯಿ ನಿಂತ ಮೇಲೆ ಬೆಚ್ಚಗಿನ ನೀರು ಏರುತ್ತದೆ, ಕೆಳಗಿನ ಪಟ್ಟಿ ನಿಧಾನಕ್ಕೆ ಚಲಿಸುತ್ತದೆ. ನೀರು ಪಾದದ ಮೇಲಿನ ಕೀಲಿನವರೆಗೆ ಇದ್ದರೆ ಕಾಲುಗಳ ಮೇಲೆ ಮೈತೂಕದ ಸುಮಾರು 91% ಬೀಳುತ್ತದೆ. ಮೊಣಕಾಲಿನವರೆಗೆ ಬಂದರೆ 85%. ಸೊಂಟದ ಕೀಲಿನವರೆಗೆ ಬಂದರೆ ಬರೀ 38%. ಅಂದರೆ 25 ಕಿಲೋದ ನಾಯಿ ಒಳಗೆ 10 ಕಿಲೋಗಿಂತ ಕಡಿಮೆ ಭಾರ ಹೊರುತ್ತದೆ. ನೆಲದ ಮೇಲೆ ನಿಲ್ಲಲಾರದ ನಾಯಿ ನೀರಿನಲ್ಲಿ ಹೆಜ್ಜೆ ಇಡೋದು ಇದರಿಂದ.

"ಹಾಗಾದ್ರೆ ನಮ್ಮ ಪಯಸ್ವಿನಿ ಇದೆಯಲ್ಲ?" ಅಂತ ಯಾರಾದರೂ ಕೇಳಿಯೇ ಕೇಳ್ತಾರೆ. ಹರಿಯುವ ಹೊಳೆ ಬೇರೆ, ಅಳತೆಯ ನೀರು ಬೇರೆ. ಹೊಳೆಯಲ್ಲಿ ಕಲ್ಲು ಜಾರುತ್ತದೆ, ನೀರು ತಣ್ಣಗಿರುತ್ತದೆ, ಸೆಳೆತದ ವಿರುದ್ಧ ನಿಲ್ಲಲು ನಾಯಿ ಬೆನ್ನು ತಿರುಚುತ್ತದೆ. ಹೊಲಿಗೆ, ಗಾಯ ಇದ್ದರೆ ಸೋಂಕು, ಜೊತೆಗೆ ಇಲಿಜ್ವರದ ಭಯ. ಮಳೆಗಾಲದಲ್ಲಂತೂ ಯೋಚಿಸಲೇಬೇಡಿ. ಪೂರ್ತಿ ಚೇತರಿಸಿಕೊಂಡ ನಾಯಿ ಬೇಸಿಗೆಯಲ್ಲಿ ಹೊಳೆಗೆ ಇಳಿದರೆ ಅದು ಬೇರೆ ವಿಷಯ.

ಬೆಂಗಳೂರು ಇಲ್ಲಿಂದ ಹತ್ತಿರ ಹತ್ತಿರ 300 ಕಿ.ಮೀ. ವಾರಕ್ಕೆರಡು ಸಲ ಟ್ರೆಡ್‌ಮಿಲ್‌ಗೆ ಹೋಗಿ ಬರೋದು ಆಗದ ಮಾತು. ನೋವಿರುವ ನಾಯಿಗೆ ಘಾಟಿಯ ಕುಲುಕಾಟವೇ ಹೊಸ ಪೆಟ್ಟು. ರಸ್ತೆಯನ್ನೂ ನಂಬುವ ಹಾಗಿಲ್ಲ. 2018ರ ಆಗಸ್ಟಿನಲ್ಲಿ ಜೋಡುಪಾಲದ ಬಳಿ ಗುಡ್ಡ ಕುಸಿದು ಮಡಿಕೇರಿಯ ದಾರಿಯೇ ಕಡಿದುಹೋದದ್ದನ್ನು ನಮ್ಮ ಕಡೆಯವರು ಮರೆತಿಲ್ಲ. ಯಂತ್ರ ಇದ್ದರೆ ಒಳ್ಳೆಯದು. ಇಲ್ಲದ ಮನೆಗೆ ಬೈರಾಸೇ ಯಂತ್ರ.

ನಿಜಕ್ಕೂ ಉಪಯೋಗ ಇದೆಯಾ?

ನ್ಯಾಯವಾದ ಪ್ರಶ್ನೆ. ಸ್ವಿಟ್ಜರ್‌ಲೆಂಡಿನ ಪಶುವೈದ್ಯರು 2006ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಬೆನ್ನುಹುರಿ ನಿಧಾನವಾಗಿ ಸವೆಯುವ, ಔಷಧಿಯಿಲ್ಲದ ಕಾಯಿಲೆಯ ಲಕ್ಷಣ ಇದ್ದ 22 ನಾಯಿಗಳನ್ನು ಗಮನಿಸಿದ್ದರು. ನಡಿಗೆ, ಮಸಾಜ್, ಕೀಲು ಆಡಿಸುವುದು, ನೀರಿನ ವ್ಯಾಯಾಮ ಎಲ್ಲ ಸೇರಿದ ತೀವ್ರ ಫಿಸಿಯೋಥೆರಪಿ ಸಿಕ್ಕ ನಾಯಿಗಳು ಸರಾಸರಿ 255 ದಿನ ಬದುಕಿದವು. ಮಧ್ಯಮ ಪ್ರಮಾಣದಲ್ಲಿ ಸಿಕ್ಕವು 130 ದಿನ. ಏನೂ ಸಿಗದವು 55 ದಿನ. ನಾಯಿಗಳ ಸಂಖ್ಯೆ ಕಡಿಮೆ. ಹೆಚ್ಚು ಕಾಳಜಿ ಇದ್ದ ಮಾಲೀಕರೇ ಹೆಚ್ಚು ವ್ಯಾಯಾಮ ಮಾಡಿಸಿ, ನಾಯಿಯನ್ನು ಹೆಚ್ಚು ದಿನ ಇಟ್ಟುಕೊಂಡಿರಲೂಬಹುದು. ಅಷ್ಟು ಉಪ್ಪು ಸೇರಿಸಿಕೊಂಡೇ ಓದಬೇಕು. ಆದರೂ ಒಂದು ಮಾತು ಗಮನಿಸಿ: ಅಲ್ಲಿ ಯಾವ ನಾಯಿಯ ಕಾಯಿಲೆಯೂ ವಾಸಿಯಾಗಲಿಲ್ಲ. ಸಿಕ್ಕಿದ್ದು ದಿನಗಳು. ಅಷ್ಟು ತಿಂಗಳು ದುಡಿದ ಕೈಗಳಿಗೆ ಆ ದಿನಗಳೇ ಫಲ.

ಈಗ ಲೆಕ್ಕ ಹಾಕೋಣ

ಕೀಲು ಆಡಿಸಲು 10 ನಿಮಿಷದಂತೆ ಮೂರು ಸಲ, ಅರ್ಧ ಗಂಟೆ. ಮೂತ್ರ ಮಾಡಿಸಿ ಒರೆಸಲು 10 ನಿಮಿಷದಂತೆ ನಾಲ್ಕು ಸಲ, 40 ನಿಮಿಷ. ಬೈರಾಸಿನ ನಡಿಗೆ 5 ನಿಮಿಷದಂತೆ ನಾಲ್ಕು ಸಲ, 20 ನಿಮಿಷ. ಹಾಸಿಗೆ, ಬಟ್ಟೆ, ಗಾಯ ನೋಡುವುದು ಇನ್ನೊಂದು ಅರ್ಧ ಗಂಟೆ. ಒಟ್ಟು ದಿನಕ್ಕೆ ಎರಡು ಗಂಟೆ, ರಜೆ ಇಲ್ಲದೆ, ಎರಡು ಮೂರು ತಿಂಗಳು. ಮಧ್ಯರಾತ್ರಿ ಎದ್ದು ಮಗ್ಗುಲು ಬದಲಿಸೋದು ಈ ಲೆಕ್ಕದಲ್ಲಿ ಇಲ್ಲ.

ಇದನ್ನು ಮಾಡುವವರು ಯಾರು? ಅಮ್ಮ. ಬೆಳಿಗ್ಗೆ ಹಟ್ಟಿ, ಆಮೇಲೆ ಅಡುಗೆ, ಕೆಲಸದವರು ಬಂದರೆ ಅವರಿಗೆ ಚಹಾ ತಿಂಡಿ, ಅಡಿಕೆ ಒಣಗಿಸುವ ಹೊತ್ತಿನಲ್ಲಿ ಮಳೆ ಬಂದರೆ ಅಂಗಳಕ್ಕೆ ಓಟ. ಅರುವತ್ತು ದಾಟಿದ ಮೊಣಕಾಲಿನಲ್ಲಿ ನೆಲಕ್ಕೆ ಕೂತು, 25 ಕಿಲೋದ ನಾಯಿಯನ್ನು ಮಗುಚಿ, ಬಾಗಿಕೊಂಡು ಬೈರಾಸು ಹಿಡಿದು ನಡೆಸಬೇಕು. ಫೋನ್‌ನಲ್ಲಿ ಕೇಳಿದರೆ "ಪರವಾಗಿಲ್ಲ, ಮಾಡ್ತೇನೆ" ಅಂತಾರೆ. ಅವರು ಯಾವತ್ತು ಇಲ್ಲ ಅಂದಿದ್ದಾರೆ ಹೇಳಿ?

ಆದ್ದರಿಂದ ಬೆಂಗಳೂರು, ಮೈಸೂರು, ಮಂಗಳೂರಿನಲ್ಲಿ ಇರುವ ನನ್ನ ವಯಸ್ಸಿನವರಿಗೆ ನನ್ನ ಮಾತು ಇಷ್ಟೇ. ಚಿಕಿತ್ಸೆ ಮಾಡಿಸಬೇಕು ಅಂತ ನಿರ್ಧಾರ ನಿಮ್ಮದಾದರೆ ಕೆಲಸದಲ್ಲೂ ಪಾಲು ತಗೊಳ್ಳಿ.

ವರ್ಕ್ ಫ್ರಂ ಹೋಮ್ ಸಿಗುವವರು ಮೊದಲ ಎರಡು ವಾರ ಊರಿಗೆ ಹೋಗಿ. ಕಷ್ಟದ ದಿನಗಳು ಅವೇ. ನೆಟ್‌ವರ್ಕ್ ಸಿಗೋದಿಲ್ಲ ಅನ್ನುವವರು ರಜೆಯನ್ನು ಅಣ್ಣ, ತಂಗಿ, ಅತ್ತಿಗೆ ಅಂತ ಹಂಚಿಕೊಳ್ಳಿ. ಡಾಕ್ಟರ ಮುಂದೆ ನೀವೇ ಮಾಡಿ ಕಲಿತು, ಅಮ್ಮನಿಗೆ ಅಲ್ಲ, ಅಪ್ಪನಿಗೂ ತಮ್ಮನಿಗೂ ಕಲಿಸಿ. ಮನೆಯ ಸೇವೆ ಅಂದರೆ ಹೆಂಗಸರದ್ದೇ ಅನ್ನುವ ನಿಯಮ ನಾಯಿಗಂತೂ ಗೊತ್ತಿಲ್ಲ. ಕಳಿಸುವ ದುಡ್ಡಿನಲ್ಲಿ ಮೊದಲು ದಿನಕ್ಕೆ ಒಂದು ಹೊತ್ತು ಬಂದು ಸಹಾಯ ಮಾಡುವ ಒಬ್ಬರನ್ನು ಹುಡುಕಿ. ಎತ್ತರದ ಮಂಚದ ಮೇಲೆ ಹಾಸಿಗೆ ಹಾಕಿ ವ್ಯಾಯಾಮ ಮಾಡಿಸಿದರೆ ಅಮ್ಮನ ಬೆನ್ನು ಉಳಿಯುತ್ತದೆ. ನಾಯಿ ಬೀಳದಂತೆ ಇನ್ನೊಬ್ಬರು ಹಿಡಿದಿರಬೇಕು. ವಾರಕ್ಕೊಮ್ಮೆ ನಾಯಿ ನಡೆಯುವ ವಿಡಿಯೋ ತರಿಸಿಕೊಂಡು ಡಾಕ್ಟರಿಗೆ ಕಳಿಸುವ, ಔಷಧಿಯ ಹೊತ್ತು ನೆನಪಿಸುವ ಜವಾಬ್ದಾರಿ ನಿಮ್ಮದಾಗಲಿ.

ಚಕ್ರದ ಗಾಡಿಯ ಬಗ್ಗೆಯೂ ಒಂದು ಮಾತು. ಅದು ಒಳ್ಳೆಯ ಸಾಧನ, ಆದರೆ ನಾಯಿ ಅದರಲ್ಲಿ ಮಲಗಲಾರದು, ಕೂರಲಾರದು. ಹಾಕಿ ತೆಗೆಯಲು ಜನ ಬೇಕು. ನಮ್ಮ ಗುಡ್ಡದ ಮನೆಯ ಮೆಟ್ಟಿಲುಗಳಲ್ಲಿ ಉರುಳಿ ಬೀಳುತ್ತದೆ. ಸಪಾಟು ಅಂಗಳ ಇದ್ದರೆ, ಅರ್ಧ ಗಂಟೆ ಜೊತೆಗೆ ಇರುವವರಿದ್ದರೆ ಮಾತ್ರ ಆರ್ಡರ್ ಮಾಡಿ.

ಬೇಡ ಅನ್ನುವುದೂ ಉತ್ತರವೇ

ಎಲ್ಲ ಪ್ರಯತ್ನವೂ ಗೆಲ್ಲೋದಿಲ್ಲ. 2016ರಲ್ಲಿ ಮಂಚನಬೆಲೆ ಜಲಾಶಯದ ಬಳಿ ಮುಂಗಾಲು ಮುರಿದುಕೊಂಡ ಕಾಡಾನೆ ಸಿದ್ದನನ್ನು ನೀವು ಟಿವಿಯಲ್ಲಿ ನೋಡಿರಬಹುದು. ಅರಣ್ಯ ಇಲಾಖೆ, ಪಶುವೈದ್ಯರು, ಸುತ್ತಲಿನ ಊರಿನವರು ತಿಂಗಳುಗಟ್ಟಲೆ ಒದ್ದಾಡಿದರು. ಮುರಿದ ಕಾಲಿನ ಮೇಲಿನ ಭಾರ ಇಳಿಸಲು ಸೇನೆಯ ಎಂಜಿನಿಯರ್‌ಗಳು ಬಂದು ಉಕ್ಕಿನ ಆಸರೆ ಕಟ್ಟಿಕೊಟ್ಟರು. ಡಿಸೆಂಬರಿನಲ್ಲಿ ಸಿದ್ದ ತೀರಿಕೊಂಡ. ಅಷ್ಟು ಕೈಗಳು ಸೇರಿದರೂ ಕೆಲವು ಪೆಟ್ಟುಗಳು ಮಾಯೋದಿಲ್ಲ.

ನೋವು ಸಂವೇದನೆ ಇಲ್ಲ, ವಾರಗಳಾದರೂ ಬದಲಾವಣೆ ಇಲ್ಲ, ಹುಣ್ಣು ಮಾಯುತ್ತಿಲ್ಲ, ನಾಯಿ ಊಟ ಬಿಟ್ಟಿದೆ, ಹೆಸರು ಕರೆದರೆ ಬಾಲ ಅಲ್ಲಾಡದಿದ್ದರೂ ಕಿವಿಯಾದರೂ ಎತ್ತುತ್ತಿತ್ತು, ಈಗ ಅದೂ ಇಲ್ಲ. ಆಗ ಡಾಕ್ಟರ ಜೊತೆ ದಯಾಮರಣದ ಮಾತು ಆಡುವುದು ಕ್ರೌರ್ಯ ಅಲ್ಲ. ಮನೆಯಲ್ಲಿ ನೋಡಿಕೊಳ್ಳುವ ಶಕ್ತಿ ಯಾರಿಗೂ ಇಲ್ಲ ಅನ್ನುವುದೂ ಡಾಕ್ಟರ ಮುಂದೆ ಹೇಳಬಹುದಾದ, ಹೇಳಲೇಬೇಕಾದ ವಿಷಯ. ಆ ಮಾತನ್ನು ಅಮ್ಮನ ಬಾಯಿಂದ ಬರಿಸಬೇಡಿ. ದೂರದಲ್ಲಿದ್ದು "ಇನ್ನೂ ಸ್ವಲ್ಪ ದಿನ ನೋಡೋಣ" ಅನ್ನುವುದು ಸುಲಭ. ಆ ಸ್ವಲ್ಪ ದಿನವನ್ನು ಕಳೆಯುವವರು ಇಬ್ಬರು: ನಾಯಿ ಮತ್ತು ಅಮ್ಮ. ನಿರ್ಧಾರದ ದಿನ ನೀವು ಊರಿನಲ್ಲಿ ಇರಿ.

ಇದೆಲ್ಲ ಆಗುವ ಮೊದಲೇ ಮಾಡಬಹುದಾದ್ದು ಬಹಳ ಇದೆ. ಮುಂದಿನ ಶನಿವಾರ ಊರಿಗೆ ಹೋದಾಗ ನಾಯಿಯ ಪಕ್ಕೆ ಮುಟ್ಟಿ ನೋಡಿ, ಎಲುಬು ಕೈಗೆ ಸಿಗದಿದ್ದರೆ ತೂಕ ಹೆಚ್ಚಾಗಿದೆ ಅಂತ ಅರ್ಥ. ಸಂಧಿವಾತಕ್ಕೆ ತೂಕ ಇಳಿಸುವಷ್ಟು ಅಗ್ಗದ ಔಷಧಿ ಇನ್ನೊಂದಿಲ್ಲ. ಪಾದ, ಬೆರಳು, ಹೊಟ್ಟೆ ಮುಟ್ಟಿಸಿಕೊಳ್ಳುವ ಅಭ್ಯಾಸ ಈಗಲೇ ಮಾಡಿಸಿ, ಪೆಟ್ಟಾದ ದಿನ ಅದು ಅರ್ಧ ಕೆಲಸ ಉಳಿಸುತ್ತದೆ. ಲಸಿಕೆಯ ಕಾರ್ಡ್ ಹುಡುಕಿ ಫೋಟೋ ತೆಗೆದಿಟ್ಟುಕೊಳ್ಳಿ. ಅಮ್ಮನ ಫೋನ್‌ನಲ್ಲಿ 1962 ಸೇವ್ ಮಾಡಿ, ಹತ್ತಿರದಲ್ಲಿ ನಾಯಿಗೆ ಎಕ್ಸ್‌-ರೇ ತೆಗೆಯುವವರು ಯಾರು ಅಂತ ಪಶು ಆಸ್ಪತ್ರೆಯಲ್ಲೇ ಕೇಳಿಟ್ಟುಕೊಳ್ಳಿ. ಅಪ್ಪ ತೋಟಕ್ಕೆ ದಾಟುವಾಗ ಹಿಡಿದುಕೊಳ್ಳಲು ಒಂದು ಗಟ್ಟಿ ಬೆಲ್ಟ್, ಚೈನು ಕೊಂಡುಕೊಟ್ಟು ಬನ್ನಿ. ಗೇಟಿನ ಚಿಲಕ ಸಡಿಲ ಆಗಿದ್ದರೆ ಅದನ್ನೂ ಬಿಗಿ ಮಾಡಿ.